ನಿಲ್ಲುವುದಕ್ಕೂ ಒಂದು ಲೆಕ್ಕ

ಮೇಷ್ಟರುಗಳಿಗೆ ಮಾರ್ಚ್ ಎಂದರೆ ಪರೀಕ್ಷೆಯ ತಿಂಗಳು. ಮೂವತ್ತು ವರ್ಷ ಕಾಲ ನನಗೂ ವಸಂತ ಋತುವೆಂದರೆ ಕೊಠಡಿ ಮೇಲ್ವಿಚಾರಣೆ, ಉತ್ತರ ಪತ್ರಿಕೆಗಳ ಕಟ್ಟು ಮತ್ತು ಚಳ್ಳಕೆರೆಯ ಬಿಸಿಲು, ಇಷ್ಟೇ ಆಗಿತ್ತು. ಸ್ವಯಂ ನಿವೃತ್ತಿ ಪಡೆದ ಮೇಲೆ ಬಂದ ಮೊದಲ ಮಾರ್ಚ್ 2024ರದು. ಆ ತಿಂಗಳು ನಾನೂ ನನ್ನ ಹೆಂಡತಿಯೂ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೋಸೆ ಹತ್ತಿರದ ಮಗಳ ಮನೆಯಲ್ಲಿದ್ದೆವು. ಒಂಬತ್ತು ವರ್ಷದ ಮೊಮ್ಮಗಳಿಗೆ ಶಾಲೆಯಲ್ಲಿ ಒಂದು ವಾರ ವಸಂತದ ರಜೆ. ಅಳಿಯಂದಿರು ಒಂದು ಮೋಟಾರ್‌ಹೋಮ್ ಬಾಡಿಗೆಗೆ ಹಿಡಿದು ಎಲ್ಲರೂ ಒಟ್ಟಿಗೆ ಸುತ್ತಿ ಬರೋಣವೆಂದರು.

ಮೋಟಾರ್‌ಹೋಮ್ ಎಂದರೆ ಚಕ್ರದ ಮೇಲಿನ ಮನೆ. ನಮ್ಮ ಕಡೆಯ ಮಿನಿ ಬಸ್ಸಿನಷ್ಟು ದೊಡ್ಡ ಗಾಡಿ. ಒಳಗೆ ಹಾಸಿಗೆಗಳು, ಗ್ಯಾಸ್ ಒಲೆ, ಫ್ರಿಜ್ಜು, ಪುಟ್ಟ ಬಚ್ಚಲು. ಕುಡಿಯುವ ನೀರಿಗೊಂದು ಟ್ಯಾಂಕು, ಪಾತ್ರೆ ತೊಳೆದ ನೀರಿಗೊಂದು, ಶೌಚಕ್ಕೆ ಮತ್ತೊಂದು. ರಾತ್ರಿ ನಿಲ್ಲಿಸಿದ ಜಾಗವೇ ಊರು. ಸಾರು ಅನ್ನಕ್ಕಾಗಿ ಪರದಾಡಬೇಕಿಲ್ಲ. ನನ್ನ ಹೆಂಡತಿ ಮೊದಲ ಒಗ್ಗರಣೆ ಹಾಕಿದ ಕೂಡಲೇ ಹೊಗೆ ಪತ್ತೆ ಮಾಡುವ ಗಂಟೆ ಕಿವಿ ಕಿತ್ತುಹೋಗುವಂತೆ ಕೂಗಿಕೊಂಡಿತು. ಅದೊಂದನ್ನು ಬಿಟ್ಟರೆ ಮನೆಯಲ್ಲಿದ್ದಂತೆಯೇ.

ಕಷ್ಟವಿದ್ದದ್ದು ಎಲ್ಲಿ ನಿಲ್ಲಬೇಕು ಎಂಬುದರಲ್ಲಿ. ಅಳಿಯಂದಿರು ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾದ ಪಟ್ಟಿ ಮಾಡಿದ್ದರು. ಡೆತ್ ವ್ಯಾಲಿ, ಝಯಾನ್, ಬ್ರೈಸ್ ಕ್ಯಾನಿಯನ್, ಗ್ರ್ಯಾಂಡ್ ಕ್ಯಾನಿಯನ್. ಏಳು ದಿನಗಳಲ್ಲಿ ನಾಲ್ಕು ರಾಷ್ಟ್ರೀಯ ಉದ್ಯಾನಗಳು, ಒಂದೊಂದರಲ್ಲೂ ನೋಡಲೇಬೇಕಾದ ನಾಲ್ಕೈದು ಜಾಗಗಳು. ಒಂದೊಂದಕ್ಕೂ ಇಪ್ಪತ್ತು ನಿಮಿಷ. ಅದನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ಶಾಲೆಯ ಜನವರಿ ತಿಂಗಳು. ಪೋರ್ಷನ್ ಮುಗಿಸಲೇಬೇಕಾದಾಗ ನಾವು ಮೇಷ್ಟರುಗಳು ಒಂದೇ ಪೀರಿಯಡ್ಡಿನಲ್ಲಿ ಎರಡು ಅಧ್ಯಾಯ ಓಡಿಸುತ್ತೇವೆ. ಪಾಠ ಮುಗಿಯುತ್ತದೆ, ಹುಡುಗರ ತಲೆಯಲ್ಲಿ ಏನೂ ಉಳಿಯುವುದಿಲ್ಲ.

ಪಟ್ಟಿಯನ್ನು ನಾನು ಬೈಯಲಿಲ್ಲ, ಲೆಕ್ಕ ಹಾಕಿದೆ. ಹೋಗಿ ಬರುವ ದಾರಿ ಒಟ್ಟು ಸುಮಾರು 3,000 ಕಿಲೋಮೀಟರ್. ಇಂಥ ಭಾರದ ಗಾಡಿ ಏರಿಳಿತ, ಪೆಟ್ರೋಲು, ಊಟ ಎಲ್ಲ ಸೇರಿ ಗಂಟೆಗೆ ಸರಾಸರಿ 70 ಕಿಲೋಮೀಟರ್ ಹೋದರೆ ಹೆಚ್ಚು. ಅಂದರೆ 43 ಗಂಟೆ. ಮಾರ್ಚ್ ಕೊನೆಯಲ್ಲಿ ಹಗಲೂ ರಾತ್ರಿಯೂ ಸಮ, ಹಗಲು ಹನ್ನೆರಡು ಗಂಟೆ. ಏಳು ದಿನಕ್ಕೆ 84 ಗಂಟೆ ಬೆಳಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗಾಡಿಯ ಕಿಟಕಿಗೆ ಹೋಯಿತು. ಉಳಿದದ್ದರಲ್ಲಿ ಅಡುಗೆ, ಸ್ನಾನ, ಟ್ಯಾಂಕು ಖಾಲಿ ಮಾಡುವುದು, ಗಾಡಿ ನಿಲ್ಲಿಸಲು ಜಾಗ ಹುಡುಕುವುದು.

ಎರಡನೆಯ ಲೆಕ್ಕ ಎತ್ತರದ್ದು. ವಿಜ್ಞಾನದ ಮಕ್ಕಳಿಗೆ ಗೊತ್ತಿರುವ ಹಾಗೆ, ಮೇಲೆ ಹೋದಂತೆ ಒಂದು ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್‌ನಂತೆ ಗಾಳಿ ತಣ್ಣಗಾಗುತ್ತದೆ. ಕ್ಯಾಲೆಂಡರಿನಲ್ಲಿ ವಸಂತ ಎಲ್ಲ ಕಡೆಯೂ ಒಂದೇ ದಿನ ಬರುತ್ತದೆ, ನೆಲದ ಮೇಲೆ ಹಾಗಲ್ಲ. ಅದು ಕಣಿವೆಯಲ್ಲಿ ಹುಟ್ಟಿ ನಿಧಾನವಾಗಿ ಬೆಟ್ಟ ಹತ್ತುತ್ತದೆ. ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ಅಂಚು ಸುಮಾರು 2,100 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಅಲ್ಲಿ ಮಾರ್ಚ್ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಚಕ್ರದ ಮನೆಯ ನೀರಿನ ಕೊಳವೆಗೂ ಅದೇ ಗತಿ. ಉತ್ತರ ಅಂಚಿಗೆ ಹೋಗುವ ರಸ್ತೆಯಂತೂ ಚಳಿಗಾಲದಲ್ಲಿ ಮುಚ್ಚಿದರೆ ಮೇ ಮಧ್ಯದವರೆಗೆ ತೆರೆಯುವುದಿಲ್ಲ.

ಮಗಳಿಗೆ ಇದು ಹಿಡಿಸಲಿಲ್ಲ. ‘ಅಪ್ಪಾ, ಇಷ್ಟು ದೂರ ಬಂದು ಗ್ರ್ಯಾಂಡ್ ಕ್ಯಾನಿಯನ್ ನೋಡದೆ ಹೋದರೆ ಊರಲ್ಲಿ ಏನಂತಾರೆ? ನೀವು ಮತ್ತೆ ಯಾವಾಗ ಬರ್ತೀರೋ ಏನೋ’ ಎಂದಳು. ಅವಳ ಮಾತಿನ ಹಿಂದೆ ಇದ್ದದ್ದು ಕ್ಯಾನಿಯನ್ ಅಲ್ಲ ಎಂಬುದು ನನಗೆ ತಿಳಿಯಿತು. ತಂದೆತಾಯಿಯ ವಯಸ್ಸು, ಅಮ್ಮನ ಮಂಡಿನೋವು, ಎರಡು ದೇಶಗಳ ನಡುವಿನ ದೂರ, ಎಲ್ಲವೂ ಇತ್ತು. ಇನ್ನೊಮ್ಮೆ ಸಿಗಲಾರದು ಎನಿಸಿದ್ದನ್ನು ಬಾಚಿ ತುಂಬಿಕೊಳ್ಳುವ ಆತುರ ಯಾರಿಗೂ ಬರುತ್ತದೆ. ಆದರೆ ನನಗೂ ಅದೇ ಯೋಚನೆಯಿತ್ತು. ಇನ್ನೊಮ್ಮೆ ಸಿಗುವುದೋ ಇಲ್ಲವೋ ಎಂಬ ಈ ಒಂದು ವಾರವನ್ನು ಡ್ರೈವರನ ಬೆನ್ನು ನೋಡುತ್ತ ಕಳೆಯಬೇಕೆ? ಕೊನೆಗೆ ನನ್ನ ಹೆಂಡತಿಯೇ ತೀರ್ಪು ಕೊಟ್ಟಳು: ‘ಎಲ್ಲಿಗಾದರೂ ಹೋಗಿ, ನನ್ನನ್ನ ಇಳಿಸಿ ಹತ್ತಿಸೋದು ಕಡಿಮೆ ಮಾಡಿ.’

ನಕ್ಷೆ ಬಿಚ್ಚಿ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೇ ಪ್ರದೇಶವನ್ನು ಗುರುತು ಮಾಡಿದೆ. ಉತ್ತರ ಅಮೆರಿಕದ ಅತಿ ತಗ್ಗಿನ ಜಾಗ ಡೆತ್ ವ್ಯಾಲಿಯ ಬ್ಯಾಡ್‌ವಾಟರ್, ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗೆ. ಅಲಾಸ್ಕಾ ಬಿಟ್ಟರೆ ಆ ದೇಶದ ಅತಿ ಎತ್ತರದ ಶಿಖರ ಮೌಂಟ್ ವಿಟ್ನಿ, 4,421 ಮೀಟರ್. ಇವೆರಡರ ನಡುವೆ ನೇರ ಅಂತರ ಸುಮಾರು 136 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರು ಮೈಸೂರುಗಳ ನಡುವಿನಷ್ಟು. ಎತ್ತರದ ವ್ಯತ್ಯಾಸ ನಾಲ್ಕೂವರೆ ಕಿಲೋಮೀಟರ್. ಆರೂವರೆಯಿಂದ ಗುಣಿಸಿದರೆ 29 ಡಿಗ್ರಿ. ಅಂದರೆ ಮಾರ್ಚ್ ಕೊನೆಯ ವಾರದಲ್ಲಿ ಒಂದೇ ಹೊತ್ತಿಗೆ ಕೆಳಗೆ ಬೇಸಿಗೆ, ಮೇಲೆ ಹಿಮ. ‘ಒಂದು ವಾರಕ್ಕೆ ಇಷ್ಟು ಸಾಲದೆ?’ ಎಂದೆ.

ಮೊಮ್ಮಗಳು ಸ್ಕೇಲು ಇಟ್ಟು ಬೆಟ್ಟದ ಬುಡದಿಂದ ಮನೆಯವರೆಗೆ ಗೆರೆ ಎಳೆದಳು. ‘ತಾತ, ಬರುವಾಗ ಹೀಗೇ ಬೆಟ್ಟ ದಾಟಿ ಬಂದುಬಿಡೋಣ.’ ನಕ್ಷೆಯಲ್ಲಿ ದಾರಿ ಇದೆ ನಿಜ. ಯೊಸೆಮಿಟಿ ಉದ್ಯಾನದ ಮೂಲಕ ಸಿಯೆರಾ ನೆವಾಡಾ ಪರ್ವತಗಳನ್ನು ದಾಟುವ ಟಯೋಗಾ ಕಣಿವೆದಾರಿ 3,000 ಮೀಟರಿಗೂ ಮೇಲಿದೆ. ನವೆಂಬರಿನಲ್ಲಿ ಹಿಮ ಬಿದ್ದು ಮುಚ್ಚಿದರೆ ಸಾಮಾನ್ಯವಾಗಿ ಮೇ ಕೊನೆ, ಜೂನ್‌ವರೆಗೆ ತೆರೆಯುವುದಿಲ್ಲ. ಹಿಮ ವಿಪರೀತವಾಗಿದ್ದ 2023ರಲ್ಲಿ ಅದು ತೆರೆದದ್ದು ಜುಲೈ 22ಕ್ಕೆ. ಆದ್ದರಿಂದ ದಕ್ಷಿಣಕ್ಕೆ ಇಳಿದು ಟೆಹಾಚಪಿ ಎಂಬಲ್ಲಿ ಬೆಟ್ಟಸಾಲನ್ನು ಬಳಸಿಕೊಂಡೇ ಹೋಗಬೇಕು, ಬಳಸಿಕೊಂಡೇ ಬರಬೇಕು. ನಕ್ಷೆಯಲ್ಲಿ ಗೆರೆ ಇದೆಯೆಂದ ಮಾತ್ರಕ್ಕೆ ದಾರಿ ಇದೆಯೆಂದಲ್ಲ. ಅವಳು ತನ್ನ ಗೆರೆಯನ್ನು ತಾನೇ ಅಳಿಸಿದಳು.

ಗಾಡಿಯ ಅಳತೆಯೂ ನಿಲುಗಡೆಗಳನ್ನು ನಿರ್ಧರಿಸುತ್ತದೆ. ಡೆತ್ ವ್ಯಾಲಿಯಲ್ಲಿ ಆರ್ಟಿಸ್ಟ್ಸ್ ಡ್ರೈವ್ ಎಂಬ ಬಣ್ಣದ ಗುಡ್ಡಗಳ ರಸ್ತೆಗೂ ಡಾಂಟೆಸ್ ವ್ಯೂ ಎಂಬ ಎತ್ತರದ ತಾಣಕ್ಕೂ 25 ಅಡಿಗಿಂತ ಉದ್ದದ ಗಾಡಿಗಳನ್ನು ಬಿಡುವುದಿಲ್ಲ. ಹೀಗಾಗಿ ಮೂವತ್ತು ಅಡಿಯ ಆರಾಮದ ಗಾಡಿ ಬಿಟ್ಟು ಆ ಮಿತಿಯೊಳಗಿನದನ್ನು ಹಿಡಿದೆವು. ಫರ್ನೇಸ್ ಕ್ರೀಕ್‌ನಲ್ಲಿ ಗಾಡಿ ನಿಲ್ಲಿಸುವ ಜಾಗವನ್ನು ಆರು ತಿಂಗಳು ಮೊದಲೇ ಕಾದಿರಿಸಲು ಬಿಡುತ್ತಾರೆ. ಅಳಿಯಂದಿರು ಅದನ್ನು ಹಿಂದಿನ ವರ್ಷವೇ ಮಾಡಿಟ್ಟಿದ್ದರು. ಅವರ ಅಚ್ಚುಕಟ್ಟುತನ ಇಲ್ಲದಿದ್ದರೆ ನನ್ನ ಲೆಕ್ಕಗಳೆಲ್ಲ ಕಾಗದದ ಮೇಲೇ ಉಳಿಯುತ್ತಿದ್ದವು.

ಮಾರ್ಚ್ 24, ಭಾನುವಾರ ಹೊರಟೆವು. ಮೊದಲ ನಿಲುಗಡೆ ಟೆಹಾಚಪಿಯ ರೈಲು ಸುತ್ತು. 1876ರಲ್ಲಿ ಮುಗಿದ ಈ ಮಾರ್ಗದಲ್ಲಿ ಹಳಿ ಗುಡ್ಡದ ಸುತ್ತ ಒಂದು ಪೂರ್ತಿ ಬಳಸಿ, ತನ್ನ ಮೇಲೇ ತಾನು ಹಾದುಹೋಗುತ್ತದೆ. ಕಡಿದಾದ ಬೆಟ್ಟವನ್ನು ರೈಲು ನೇರವಾಗಿ ಹತ್ತಲಾರದು. ದಾರಿ ಉದ್ದ ಮಾಡಿ ಏರು ಕಡಿಮೆ ಮಾಡಬೇಕು. ಇದು ಏಳನೆಯ ತರಗತಿಯ ಇಳಿಜಾರು ಹಲಗೆಯ ಪಾಠವೇ. ಇಲ್ಲಿನ ಏರು 50 ಅಡಿಗೆ 1 ಅಡಿ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲಿನದೂ ಅಷ್ಟೇ. ಅಲ್ಲಿ 57 ಸುರಂಗ ಕೊರೆದರು, ಇಲ್ಲಿ ಸುತ್ತು ಹಾಕಿದರು. ಇದನ್ನು ಕಟ್ಟಿದ ಕೂಲಿಗಳಲ್ಲಿ ಹೆಚ್ಚಿನವರು ಚೀನಾದಿಂದ ಬಂದವರು. ರೈಲು ಬರಲು ನಲವತ್ತು ನಿಮಿಷ ಕಾದೆವು. ಇಪ್ಪತ್ತು ನಿಮಿಷದ ಪಟ್ಟಿಯಲ್ಲಿ ಈ ರೈಲು ನಮಗೆ ಸಿಗುತ್ತಲೇ ಇರಲಿಲ್ಲ. ಕಿಲೋಮೀಟರಿಗೂ ಉದ್ದದ ಸರಕು ರೈಲೊಂದು ಬಂದು, ಅದರ ಎಂಜಿನ್ನು ತನ್ನದೇ ಬಾಲದ ಮೇಲೆ ಹಾದುಹೋದಾಗ ಮೊಮ್ಮಗಳು ಕುಣಿದಾಡಿದಳು.

ಮರುದಿನ ಡೆತ್ ವ್ಯಾಲಿಗೆ ಇಳಿಯುವ ಟೌನ್ ಪಾಸ್. ಸುಮಾರು 1,500 ಮೀಟರ್ ಎತ್ತರದಿಂದ ಮೂವತ್ತು ಕಿಲೋಮೀಟರಿಗೂ ಕಡಿಮೆ ದಾರಿಯಲ್ಲಿ ಸಮುದ್ರ ಮಟ್ಟಕ್ಕೆ ಇಳಿಯಬೇಕು. ನಮ್ಮ ಆಗುಂಬೆ, ಚಾರ್ಮಾಡಿ ಘಟ್ಟಗಳ ಲಾರಿ ಡ್ರೈವರುಗಳಿಗೆ ಒಂದು ನಿಯಮವಿದೆ: ಹತ್ತಿದ ಗೇರಿನಲ್ಲೇ ಇಳಿ. ಏಕೆ ಎಂದು ಲೆಕ್ಕ ಹೇಳುತ್ತದೆ. ಐದು ಟನ್ ತೂಕ 1,500 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಏಳು ಕೋಟಿ ಜೂಲ್‌ಗೂ ಹೆಚ್ಚು. ಇನ್ನೂರು ಲೀಟರಿಗೂ ಮೀರಿದ ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಲು ಅಷ್ಟು ಸಾಕು. ಅಷ್ಟೂ ಬಿಸಿಯನ್ನು ಬ್ರೇಕುಗಳ ಮೇಲೇ ಹೊರಿಸಿದರೆ ಅವು ಸೋಲುತ್ತವೆ. ಅಳಿಯಂದಿರು ಗೇರು ಇಳಿಸಿ, ಎಂಜಿನ್ನಿಗೇ ಗಾಡಿಯನ್ನು ಹಿಡಿಯಲು ಬಿಟ್ಟು, ನಡುವೆ ಎರಡು ಕಡೆ ನಿಲ್ಲಿಸಿ ಇಳಿಸಿದರು. ಆ ಎರಡು ನಿಲುಗಡೆಗಳು ಯಾವ ಪ್ರವಾಸಿ ಪುಸ್ತಕದಲ್ಲೂ ಇಲ್ಲ. ಆದರೆ ಕೆಳಗಿನ ಕಣಿವೆ ಇಡಿಯಾಗಿ ಕಂಡದ್ದು ಅಲ್ಲಿಂದಲೇ.

ಒಳಗೆ ಹೋದ ಮೇಲೆ ವೇಳಾಪಟ್ಟಿಯನ್ನು ಸೂರ್ಯನಿಗೆ ಒಪ್ಪಿಸಿದೆವು. ಬಣ್ಣದ ಗುಡ್ಡಗಳು ಪಶ್ಚಿಮಕ್ಕೆ ಮುಖ ಮಾಡಿವೆ, ಆದ್ದರಿಂದ ಅವಕ್ಕೆ ಮಧ್ಯಾಹ್ನದ ಮೇಲೆ. ಆಗ ಕಬ್ಬಿಣದ ಆಕ್ಸೈಡುಗಳ ಕೆಂಪು, ಹಳದಿ ಎದ್ದು ಕಾಣುತ್ತವೆ. ಜಬ್ರಿಸ್ಕಿ ಪಾಯಿಂಟಿನಲ್ಲಿ ನಿಂತವರು ನೋಡುವುದು ಪಶ್ಚಿಮಕ್ಕೆ, ಬೆನ್ನಿಗೆ ಸೂರ್ಯ ಬೇಕು, ಆದ್ದರಿಂದ ಬೆಳಗಿನ ಜಾವ. ಮರಳ ದಿಬ್ಬಗಳಿಗೆ ಬೆಳಕು ಓರೆಯಾಗಿ ಬೀಳಬೇಕು, ನಡುಹಗಲಿನಲ್ಲಿ ಅವು ಹಿಟ್ಟಿನ ರಾಶಿಯಂತೆ ಕಾಣುತ್ತವೆ. ಮಾರ್ಚ್ 25 ಹೋಳಿ ಹುಣ್ಣಿಮೆ. ಪಂಚಾಂಗ ನೋಡಿ ಆ ಸಂಜೆಯನ್ನೇ ದಿಬ್ಬಗಳಿಗೆ ಇಟ್ಟುಕೊಂಡಿದ್ದೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಚಂದ್ರ ಬಂದ. ಮಂಡಿನೋವಿನ ನನ್ನ ಹೆಂಡತಿ ಚಪ್ಪಲಿ ಬಿಟ್ಟು ಮರಳಿನ ಮೇಲೆ ಕುಳಿತು, ‘ಏಳೋದಕ್ಕೆ ನೀವೇ ಎತ್ತಬೇಕು, ನಾನಂತೂ ಈಗ ಏಳಲ್ಲ’ ಎಂದಳು. ಯಾರೂ ಗಡಿಯಾರ ನೋಡಲಿಲ್ಲ.

ಡಾಂಟೆಸ್ ವ್ಯೂ ಬ್ಯಾಡ್‌ವಾಟರಿನ ನೆತ್ತಿಯ ಮೇಲೇ ಇದೆ, 1,669 ಮೀಟರ್ ಎತ್ತರ. ಮೊಮ್ಮಗಳ ಕೈಗೆ ಉಷ್ಣಮಾಪಕ ಕೊಟ್ಟೆ. ಬೆಳಿಗ್ಗೆ ಮೇಲೆ 14 ಡಿಗ್ರಿ, ಮಧ್ಯಾಹ್ನ ಕೆಳಗೆ 27. ಲೆಕ್ಕ ಹೇಳಿದ್ದು 11ರ ವ್ಯತ್ಯಾಸ, ಬಂದದ್ದು 13. ‘ಏಕಿರಬಹುದು?’ ಎಂದು ಕೇಳಿ ಸುಮ್ಮನಾದೆ. ಅರ್ಧ ಗಂಟೆ ಕಳೆದ ಮೇಲೆ ಅವಳೇ, ‘ತಾತ, ಎರಡೂ ಕಡೆ ಒಂದೇ ಟೈಮಲ್ಲಿ ನೋಡಬೇಕಿತ್ತು ಅಲ್ವಾ?’ ಎಂದಳು. ಒಣ ಗಾಳಿ ಇನ್ನೂ ಬೇಗ ತಣಿಯುತ್ತದೆ ಎಂಬ ಇನ್ನೊಂದು ಕಾರಣವನ್ನು ನಾನು ಸೇರಿಸಿದೆ. ಉತ್ತರವನ್ನು ಮೊದಲೇ ಹೇಳಿಬಿಟ್ಟಿದ್ದರೆ ಆ ಅರ್ಧ ಗಂಟೆ ಅವಳ ತಲೆ ಓಡುತ್ತಿರಲಿಲ್ಲ.

ಬ್ಯಾಡ್‌ವಾಟರಿನಲ್ಲಿ ನಮಗೊಂದು ಅಪರೂಪ ಕಾದಿತ್ತು. ವರ್ಷಕ್ಕೆ ಎರಡು ಅಂಗುಲ, ಅಂದರೆ 50 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಾಗವಿದು. ನಮ್ಮ ಚಳ್ಳಕೆರೆಯ ಮಳೆಯೂ ಇದರ ಹಲವು ಪಟ್ಟು. ಸಮುದ್ರದಿಂದ ಬರುವ ಮೋಡ ಸಿಯೆರಾ ನೆವಾಡಾದ ಆ ಮಗ್ಗುಲಲ್ಲೇ ಸುರಿದುಬಿಡುತ್ತದೆ, ನಮ್ಮಲ್ಲಿ ಆಗುಂಬೆಗೆ ಸುರಿದು ಚಿತ್ರದುರ್ಗಕ್ಕೆ ಬರಿಗೈಯಲ್ಲಿ ಬರುವ ಹಾಗೆ. ಆದರೆ 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಉಳಿಕೆ ಒಂದೇ ದಿನದಲ್ಲಿ ಒಂದು ವರ್ಷದ ಮಳೆಯನ್ನು ಸುರಿಸಿತು. ಮತ್ತೆ 2024ರ ಫೆಬ್ರವರಿಯಲ್ಲಿ ದೊಡ್ಡ ಮಳೆ. ಉಪ್ಪಿನ ಬಯಲಿನಲ್ಲಿ ಮೈಲುಗಟ್ಟಲೆ ನೀರು ನಿಂತಿತು. ಹಿಮಯುಗದಲ್ಲಿ ಇಲ್ಲಿದ್ದ ಆಳವಾದ ಸರೋವರಕ್ಕೆ ಭೂವಿಜ್ಞಾನಿಗಳು ಮ್ಯಾನ್ಲಿ ಸರೋವರ ಎಂದು ಹೆಸರಿಟ್ಟಿದ್ದಾರೆ. ಅದೇ ಹೆಸರು ಈ ನೀರಿಗೂ ಬಂತು. ನಾವು ಹೋದಾಗ ಅಂಗುಲಗಳ ಲೆಕ್ಕದಲ್ಲಿ ಉಳಿದಿತ್ತು. ಆ ತೆಳ್ಳನೆಯ ನೀರಿನಲ್ಲಿ ಎದುರಿನ ಹಿಮಶಿಖರ ತಲೆಕೆಳಗಾಗಿ ನಿಂತಿತ್ತು. ಹಿಂದಿನ ಬಂಡೆಯ ಮೇಲೆ, ನಮ್ಮ ತಲೆಯಿಂದ ಬಹಳ ಎತ್ತರದಲ್ಲಿ, ‘ಸಮುದ್ರ ಮಟ್ಟ’ ಎಂಬ ಫಲಕ. ಎರಡು ಗಂಟೆ ಅಲ್ಲಿದ್ದೆವು. ಆ ಹೊತ್ತಿನಲ್ಲಿ ಎಷ್ಟೋ ಗಾಡಿಗಳು ಬಂದು, ಫೋಟೋ ತೆಗೆದು, ಹೊರಟುಹೋದವು.

ಐದನೆಯ ದಿನ ಕಣಿವೆ ಬಿಟ್ಟು ವಿಟ್ನಿ ಶಿಖರದ ಬುಡದ ಲೋನ್ ಪೈನ್ ಊರಿಗೆ ಬಂದೆವು. ಪರ್ವತಸಾಲು ಪೂರ್ವಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಬಂದವರಿಗೆ ಸೂರ್ಯ ಅದರ ಹಿಂದೆ ಸರಿದು ಕಪ್ಪು ಗೋಡೆ ಕಾಣುತ್ತದೆ. ನಾವು ಅಲ್ಲೇ ಮಲಗಿ, ಆರನೆಯ ದಿನ ನಸುಕಿನಲ್ಲೇ ಎದ್ದು, ಅಲಬಾಮಾ ಹಿಲ್ಸ್ ಎಂಬ ಬಂಡೆಗಳ ಬಯಲಿನಿಂದ ನೋಡಿದೆವು. ಮೊದಲ ಕಿರಣ ತುದಿಯ ಹಿಮಕ್ಕೆ ತಾಗಿ, ಗುಲಾಬಿ ಬಣ್ಣ ನಿಧಾನವಾಗಿ ಕೆಳಗಿಳಿಯಿತು.

ಅಲ್ಲಿಂದ ಸುಮಾರು ಹದಿನಾರು ಕಿಲೋಮೀಟರ್ ಉತ್ತರಕ್ಕೆ ಮಾಂಜನಾರ್. ಇದನ್ನು ಪಟ್ಟಿಗೆ ಸೇರಿಸಿದ್ದು ನಾನು. ‘ರಜೆಯಲ್ಲಿ ಮಗುವಿಗೆ ಇದೆಲ್ಲ ಯಾಕಪ್ಪಾ’ ಎಂದು ಮಗಳು ತಡೆದಿದ್ದಳು. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ ಸುಮಾರು 1,20,000 ಜನರನ್ನು ಅಮೆರಿಕ ಸರ್ಕಾರ ಹತ್ತು ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅದೇ ದೇಶದ ಪ್ರಜೆಗಳು. ಮಾಂಜನಾರ್ ಶಿಬಿರಕ್ಕೆ ಮೊದಲ ಜನ ಬಂದದ್ದು 1942ರ ಮಾರ್ಚ್‌ನಲ್ಲಿ. ಅದು ಮುಚ್ಚಿದ್ದು 1945ರ ನವೆಂಬರಿನಲ್ಲಿ. ಮುಳ್ಳುತಂತಿ, ಕಾವಲು ಗೋಪುರ, ಹಲಗೆಯ ಮನೆಗಳ ಸಾಲು. ಆ ದೂಳಿನಲ್ಲೂ ಅವರು ಕಲ್ಲು ಜೋಡಿಸಿ, ಕೊಳ ತೋಡಿ ತೋಟಗಳನ್ನು ಮಾಡಿಕೊಂಡಿದ್ದರು. ಅವುಗಳ ಅವಶೇಷ ಈಗಲೂ ಇವೆ. 1988ರಲ್ಲಿ ಆ ದೇಶ ಕಾನೂನು ಮಾಡಿ ಕ್ಷಮೆ ಕೇಳಿತು, ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಪರಿಹಾರ ಕೊಟ್ಟಿತು. ಈ ಜಾಗವನ್ನು 1992ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವಾಗಿ ಘೋಷಿಸಿತು.

ಬತ್ತಿದ ಕೊಳದ ಕಲ್ಲುಗಳ ಪಕ್ಕ ನಿಂತು ಮೊಮ್ಮಗಳು ತಲೆ ಎತ್ತಿದಳು. ‘ಬೆಳಿಗ್ಗೆ ನೋಡಿದ ಬೆಟ್ಟಗಳೇ ಅಲ್ವಾ ತಾತ? ಅವರೂ ದಿನಾ ಇದನ್ನೇ ನೋಡ್ತಿದ್ರಾ?’

‘ಹೌದು ಪುಟ್ಟಿ. ಮೂರೂವರೆ ವರ್ಷ.’

‘ಅವರಲ್ಲಿ ಮಕ್ಕಳೂ ಇಲ್ಲೇ ಹುಟ್ಟಿದವರಾ? ನನ್ನ ಥರ?’

ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಾನಲ್ಲ, ಅವಳ ಅಮ್ಮ. ಅವಳ ಕೈ ಹಿಡಿದುಕೊಂಡು, ಆ ತೋಟದ ಉದ್ದಕ್ಕೂ ನಡೆಯುತ್ತ, ತಾನು ಈ ದೇಶಕ್ಕೆ ಬಂದದ್ದು, ಅವಳು ಇಲ್ಲಿ ಹುಟ್ಟಿದ್ದು, ಒಂದು ದೇಶ ತಪ್ಪು ಮಾಡಬಹುದು, ಆ ತಪ್ಪನ್ನು ಮುಚ್ಚಿಡದೆ ಫಲಕ ಹಾಕಿ ತೋರಿಸಲೂಬಹುದು ಎಂಬುದನ್ನೆಲ್ಲ ಹೇಳಿದಳು. ನಾವು ಮೂವರು ಹಿಂದೆ ಉಳಿದೆವು. ಅವರಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದನ್ನು ಆ ಮನೆಯಲ್ಲಿದ್ದ ಎರಡು ತಿಂಗಳಲ್ಲಿ ನಾನು ಕಂಡಿರಲಿಲ್ಲ. ಮೂರು ಸಾವಿರ ಕಿಲೋಮೀಟರಿನ ಪಟ್ಟಿಯಲ್ಲಿ ಇದಕ್ಕೆ ಜಾಗ ಇರುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ಗ್ರ್ಯಾಂಡ್ ಕ್ಯಾನಿಯನ್ ನೋಡಿದಿರಾ ಸಾರ್?’ ಇಲ್ಲ ಎನ್ನುತ್ತೇನೆ. ‘ಅಯ್ಯೋ’ ಎನ್ನುತ್ತಾರೆ. ಅದು ದೊಡ್ಡ ತಾಣವೇ, ಅನುಮಾನವಿಲ್ಲ. ಆದರೆ ಆ ವಾರಕ್ಕೆ, ಆ ಗಾಡಿಗೆ, ನಮ್ಮ ಐದು ಜನಕ್ಕೆ ಅದು ಹೊಂದುತ್ತಿರಲಿಲ್ಲ.

ನಮ್ಮಲ್ಲಿ ಮೋಟಾರ್‌ಹೋಮ್ ಇಲ್ಲದಿರಬಹುದು, ಬಾಡಿಗೆಯ ವ್ಯಾನು, ಕೆಂಪು ಬಸ್ಸು ಇವೆ. ಬೇಸಿಗೆ ರಜೆಗೆ ಮೂರು ದಿನದಲ್ಲಿ ಎಂಟು ಊರು ಮುಗಿಸುವ ಉತ್ಸಾಹವೂ ಇದೆ. ಏಪ್ರಿಲ್‌ನಲ್ಲಿ ಜೋಗಕ್ಕೆ ಹೋಗಿ ನೀರಿಲ್ಲವೆಂದು ಬೈಯುವವರನ್ನೂ, ಆಗುಂಬೆಯ ಸೂರ್ಯಾಸ್ತದ ಕಟ್ಟೆಗೆ ಬೆಳಿಗ್ಗೆ ಹತ್ತಕ್ಕೆ ಹೋಗಿ ಫೋಟೋ ತೆಗೆದು ಬರುವವರನ್ನೂ ನಾನು ಬಲ್ಲೆ. ತಂದೆತಾಯಿಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಪ್ರವಾಸದ ಪಟ್ಟಿಯನ್ನು ಮಕ್ಕಳ ಕೈಗೆ ಕೊಡಿ. ಒಂದು ಹಾಳೆಯಲ್ಲಿ ಐದು ಅಂಕಣ ಹಾಕಿಸಿ: ಆ ಜಾಗದ ಎತ್ತರ ಎಷ್ಟು, ಅದು ಯಾವ ದಿಕ್ಕಿಗೆ ಮುಖ ಮಾಡಿದೆ, ಆ ತಿಂಗಳಲ್ಲಿ ಅಲ್ಲಿ ಏನಿರುತ್ತದೆ, ದಾರಿಗೆ ಎಷ್ಟು ಗಂಟೆ, ಇದಕ್ಕಾಗಿ ಯಾವುದನ್ನು ಬಿಡಬೇಕು. ಐದನೆಯದನ್ನು ತುಂಬುವಾಗ ಮಕ್ಕಳು ಪೆನ್ಸಿಲ್ ಕಚ್ಚುತ್ತ ಕೂರುತ್ತಾರೆ. ಕೂರಲಿ. ತಾವೇ ಹೊಡೆದುಹಾಕಿದ ಊರಿಗಾಗಿ ಯಾವ ಮಗುವೂ ದಾರಿಯಲ್ಲಿ ಅಳುವುದಿಲ್ಲ. ಅದಕ್ಕೆ ಬೇಕಾದದ್ದು ಒಂದು ಜಿಲ್ಲಾ ನಕ್ಷೆ, ಒಂದು ಸ್ಕೇಲು, ಒಂದು ಭಾನುವಾರದ ಮಧ್ಯಾಹ್ನ.